ಮೇಲ್ಮುದ್ದಿ ಮನೆ ಮತ್ತು ಜಡಿ ಮಳೆ: ನನ್ನ ತಯಾರಿ

ನಮ್ಮದು ರೋಣ ತಾಲೂಕು, ಮಲಪ್ರಭೆಯ ದಂಡೆ. ಮನೆ ಮೇಲ್ಮುದ್ದಿಯದು, ಅಂದರೆ ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆ. 2009ರ ನೆರೆಯನ್ನೂ 2019ರ ನೆರೆಯನ್ನೂ ಕಂಡ ಊರು, ಹಾಗಾಗಿ ಮಳೆಗಾಲ ಬಂದರೆ ಎಲ್ಲರ ಕಣ್ಣು ಹೊಳೆ ಮೇಲೇ. ನನಗೆ ಮಾತ್ರ ಜಡಿ ಮಳೆಯ ಭಯ ಜಾಸ್ತಿ. ಮಲಪ್ರಭೆಯ ನವಿಲುತೀರ್ಥ ಡ್ಯಾಂನಿಂದ ನೀರು ಬಿಡುವಾಗ ಡಂಗುರವಾದರೂ ಸಾರುತ್ತಾರೆ. ನೆನೆದ ಮಣ್ಣಿನ ಗೋಡೆ ಬೀಳುವಾಗ ಯಾರು ಹೇಳುತ್ತಾರೆ?

ಅದಕ್ಕೇ ಮೊದಲು ಮಾಳಿಗೆ. ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಹಳೆ ಮಣ್ಣು ಒಂದಷ್ಟು ಹೆರೆದು ತೆಗೆದು, ಆಮೇಲೆ ಸವಳು (ಕ್ಷಾರದ) ಮಣ್ಣು ಹಾಕಿಸುತ್ತೇನೆ. ಹಳೆಯದರ ಮೇಲೇ ಸುರಿಯುತ್ತಾ ಹೋದರೆ ಜಂತಿಗೆ ಭಾರ. ಸುಮ್ನೆ ತಾಡಪತ್ರಿ ಹೊದಿಸಿದರೆ ಆಯ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಸೋರುವುದು ನಿಲ್ಲುತ್ತದೆ, ಸರಿ, ಆದರೆ ಗೋಡೆ ಬುಡದಿಂದ ನೆನೆಯುವುದನ್ನು ತಾಡಪತ್ರಿ ಹೇಗೆ ತಡೆಯುತ್ತದೆ? ಅದಕ್ಕೆ ಗೋಡೆ ಸುತ್ತ ಗರಸು (ಜಲ್ಲಿಯಂಥ ಮಣ್ಣು) ಹಾಕಿ, ನೀರು ನಿಲ್ಲದಂತೆ ಬೀದಿ ಕಡೆ ಇಳಿಜಾರು ಮಾಡಿದ್ದೇನೆ.

ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯುತ್ತೇನೆ. ಮಳೆ ಹಿಡಿದರೆ ಬೆಳಗ್ಗೆ, ಸಂಜೆ ನೋಡುವುದು. ಬಿರುಕು ಗೆರೆ ದಾಟಿದರೆ, ಮಣ್ಣು ಉದುರತೊಡಗಿದರೆ, ಅಥವಾ ಗೋಡೆ ಹೊಟ್ಟೆ ಬಿಟ್ಟರೆ, ಆ ರಾತ್ರಿ ಅಕ್ಕನ ಆರ್‌ಸಿಸಿ ಮನೆಯಲ್ಲೇ ನಿದ್ದೆ. ಅವ್ವ "ಮನಿ ಬಿಟ್ಟು ಯಾಕ ಹೋಗೂದು" ಅಂತ ಈಗಲೂ ಗೊಣಗುತ್ತಾಳೆ, ಹಾಸಿಗೆ ಸುತ್ತುವುದೂ ಅವಳೇ.

ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಅವ್ವನ ಬಿಪಿ ಗುಳಿಗೆ ಎಲ್ಲ ಪಾಲಿಥಿನ್‌ನಲ್ಲಿ ಸುತ್ತಿ ಬಾಗಿಲ ಹಿಂದಿನ ಗೂಟದ ಚೀಲದಲ್ಲಿವೆ. ಟ್ರಂಕಿನಲ್ಲಿಟ್ಟರೆ ಕತ್ತಲಲ್ಲಿ ಕೀಲಿ ಹುಡುಕಬೇಕು. ಇನ್ನೊಂದು, ಮನೆಯ ಫೋಟೋ. ಮಳೆಗಾಲಕ್ಕೆ ಮುಂಚೆ ಒಳಗೂ ಹೊರಗೂ ತೆಗೆದು ಮಗಳ ಫೋನಿಗೆ ಕಳಿಸಿಡುತ್ತೇನೆ. 2019ರಲ್ಲಿ ಹಾನಿ ನೋಡಿ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, ಹೆಚ್ಚು ಹಾನಿಯಾದ ಎ ವರ್ಗಕ್ಕೆ 5 ಲಕ್ಷ ಪರಿಹಾರ. ಬಿದ್ದ ಮೇಲೆ ಮಣ್ಣಿನ ಗುಡ್ಡೆ ತೋರಿಸಿ ಇಲ್ಲಿ ಪಡಸಾಲೆ ಇತ್ತು, ಇಲ್ಲಿ ಅಡುಗೆಮನೆ ಇತ್ತು ಅಂದರೆ ಯಾರು ನಂಬುತ್ತಾರೆ?

ಹೊರಡುವಾಗ ಮೇನ್ ಸ್ವಿಚ್ ಆಫ್, ಸಿಲಿಂಡರ್ ಬಂದ್. ಹೊರಗೆ ಕರೆಂಟ್ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್. ಮಳೆಗಾಲದಲ್ಲಿ ಎತ್ತುಗಳ ಹಗ್ಗಕ್ಕೆ ಗೂಟದ ಕಡೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತೇವೆ, ಮಗಳಿಗೂ ಕಲಿಸಿದ್ದೇನೆ.