ನಿವೇಶನದ ಜಾಗವನ್ನು ಕಕ್ಕಡದ ಮಳೆಯಲ್ಲಿ ಹೋಗಿ ನೋಡಿ

ನಾನು ಹುಟ್ಟಿ ಬೆಳೆದದ್ದು ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ತೋಟದವರು ಕೆಲಸಗಾರರಿಗೆ ಕೊಡುವ ಸಾಲುಮನೆಯಲ್ಲಿ. ಅಪ್ಪನಿಗೆ ಮೈಯಲ್ಲಿ ಆಗದೆ ಕೆಲಸ ಬಿಟ್ಟ ವರ್ಷವೇ ಮನೆಯನ್ನೂ ಬಿಡಬೇಕಾಯಿತು. ಮುಂದೆ ಗ್ರಾಮ ಪಂಚಾಯಿತಿ ಸದಸ್ಯೆಯಾದಾಗ ಐದು ವರ್ಷವೂ ನಾನು ಹೆಚ್ಚು ಓಡಾಡಿದ್ದು ನಿವೇಶನದ ಕಡತಗಳ ಹಿಂದೆ. ಈಗಲೂ ಜನ ಬಂದು, "ಅಕ್ಕಾ, ಪಂಚಾಯಿತಿಯವರು ಸೈಟು ಯಾವಾಗ ಕೊಡ್ತಾರೆ?" ಅಂತ ಕೇಳುತ್ತಾರೆ. ಯಾವ ಜಾಗದಲ್ಲಿ ಕೊಡ್ತಾರೆ ಅಂತ ಮೊದಲು ಕೇಳಿ ಅನ್ನುತ್ತೇನೆ. ಫಲಾನುಭವಿಗಳನ್ನು ಆರಿಸುವ ಗ್ರಾಮಸಭೆಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುತ್ತಾರೆ. ಜಾಗ ಗುರುತಿಸುವ ನಿರ್ಣಯ ಆದ ದಿನ ನಮ್ಮಲ್ಲಿ ಹೊರಗಿನವರು ಒಬ್ಬರೂ ಇರಲಿಲ್ಲ.

ಸರ್ಕಾರಿ ಜಾಗ ಪಂಚಾಯಿತಿಯ ಸ್ವತ್ತಲ್ಲ, ಅದು ಕಂದಾಯ ಇಲಾಖೆಯದ್ದು. ಪಂಚಾಯಿತಿ ಇಂಥ ಸರ್ವೆ ನಂಬರಿನ ಜಾಗ ಬೇಕೆಂದು ನಿರ್ಣಯ ಮಾಡಿ ತಹಶೀಲ್ದಾರರಿಗೆ ಕಳಿಸುತ್ತದೆ. ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು), ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದು ಮಹಜರು ಬರೆಯುತ್ತಾರೆ, ಸರ್ವೆಯರ್ ನಕ್ಷೆ ಮಾಡುತ್ತಾರೆ. ಕೊನೆಗೆ 1964ರ ಭೂ ಕಂದಾಯ ಕಾಯ್ದೆಯ 71ನೇ ಕಲಮಿನಡಿ ಜಿಲ್ಲಾಧಿಕಾರಿ ಆ ಜಾಗವನ್ನು ವಸತಿಗೆಂದು ಕಾಯ್ದಿರಿಸುತ್ತಾರೆ. ನೀವು ಬಾಯಿ ತೆರೆಯಬೇಕಾದದ್ದು ಮಹಜರಿನ ದಿನ. ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ದಿನ ತಿಳಿದುಕೊಳ್ಳಿ, ಅವತ್ತೊಂದು ದಿನ ಕೂಲಿ ಹೋದರೂ ಹೋಗಲಿ, ಅಲ್ಲಿ ಇರಿ. ಮಹಜರಿಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿ ಕೇಳಿ.

ಅದಕ್ಕೂ ಮೊದಲು ಪಹಣಿ ತೆಗೆಸಿ. ಕೊಡಗಿನ ಪಹಣಿ ಬಯಲುಸೀಮೆಯದರಂತಲ್ಲ. 'ಪೈಸಾರಿ' ಎಂದಿದ್ದರೆ ಸರ್ಕಾರದ್ದು, ಅದರ ಮೇಲೆ ಆಸೆ ಇಟ್ಟುಕೊಳ್ಳಬಹುದು. ಬಾಣೆ ಖಾಲಿ ಬಿದ್ದಂತೆ ಕಂಡರೂ ಯಾವುದೋ ಮನೆತನದ ಗದ್ದೆಯ ಜೊತೆ ಬಂದ ಹಕ್ಕು. ದೇವರಕಾಡನ್ನು ಕೇಳಲೇಬೇಡಿ, ಊರಿನ ನೀರು ಅದರ ಬುಡದಲ್ಲಿದೆ. ಗೋಮಾಳವಾದರೆ ನೂರು ದನಕ್ಕೆ 30 ಎಕರೆ ಮೇವಿಗೆ ಉಳಿಯಬೇಕೆಂಬ ನಿಯಮವಿದೆ, ಊರಿನ ದನದ ಲೆಕ್ಕ ಹಿಡಿದುಕೊಂಡು ಹೋಗಿ. ಹೆಚ್ಚು ಕಡತಗಳು ಸಿಕ್ಕಿಕೊಳ್ಳುವುದು ಸಿ ಮತ್ತು ಡಿ ದರ್ಜೆಯ, ಅಂದರೆ ಸಾಗುವಳಿಗೆ ಒಗ್ಗದ್ದೆಂದು ದಾಖಲಾದ ಸರ್ಕಾರಿ ಜಾಗದಲ್ಲಿ. ಕಂದಾಯದವರು ಒಂದು ಹೇಳುತ್ತಾರೆ, ಅರಣ್ಯದವರು ಇನ್ನೊಂದು. 1996ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಕಾಡಿನ ಲಕ್ಷಣವಿರುವ ಜಾಗ ಯಾರ ಹೆಸರಲ್ಲಿದ್ದರೂ ಕಾಡೇ. ಹಾಗಾಗಿ ಪೈಸಾರಿಯಲ್ಲೂ ದಟ್ಟ ಮರಗಳಿದ್ದರೆ ಎರಡೂ ಇಲಾಖೆಯವರ ಜಂಟಿ ಸರ್ವೆ ಆಗದೆ ಮುಂದೆ ಹೋಗಬೇಡಿ ಎಂದು ಬರೆದು ಕೊಡಿ. ಹಾಡಿಯ ಆದಿವಾಸಿಗಳು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿರುವ ಜಾಗವೋ ಎಂದೂ ವಿಚಾರಿಸಿ. ಒಬ್ಬರ ಹಕ್ಕಿನ ಮೇಲೆ ಇನ್ನೊಬ್ಬರ ಮನೆ ಏಳಬಾರದು.

ಮಕ್ಕಳ ಫೋನಿನಲ್ಲಿ 'ದಿಶಾಂಕ್' ಆ್ಯಪ್ ಹಾಕಿಸಿಕೊಳ್ಳಿ. ಜಾಗದಲ್ಲಿ ನಿಂತು ತೆರೆದರೆ ನಿಂತಿರುವ ಸರ್ವೆ ನಂಬರ್ ತೋರಿಸುತ್ತದೆ. ಗಡಿಯ ಹತ್ತಿರ ಅದನ್ನೇ ನಂಬಿಕೊಂಡು ಕೂರಬೇಡಿ, ಸರ್ವೆ ಕಲ್ಲು ಹುಡುಕಿ.

ಈಗ ನನ್ನ ತಪ್ಪು ಹೇಳುತ್ತೇನೆ. ನಮ್ಮ ಅವಧಿಯಲ್ಲಿ ನಾವೊಂದು ಪೈಸಾರಿ ಜಾಗ ನೋಡಲು ಹೋದದ್ದು ಮಾರ್ಚ್‌ನಲ್ಲಿ. ಕಾಫಿ ಹೂವಿನ ವಾಸನೆ, ಒಣ ನೆಲ, ರಸ್ತೆಗೂ ಹತ್ತಿರ. ಎಲ್ಲರಿಗೂ ಹಿಡಿಸಿತು, ನಾನೂ ಕೈ ಎತ್ತಿದೆ. ಜುಲೈನಲ್ಲಿ ಯಾಕೋ ಮನಸ್ಸು ತಡೆಯದೆ ಕೊಡೆ ಹಿಡಿದು ಒಬ್ಬಳೇ ಹೋದೆ. ಮೇಲಿನ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಬದಿಯಲ್ಲಿ, ಮೂರು ಕಡೆ ಒರತೆ ಒಡೆದಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಕಾಲು ಹೂತುಹೋಗುತ್ತಿತ್ತು. ನಾವು ಅಂಗನವಾಡಿಗೆಂದು ಗುರುತು ಮಾಡಿದ್ದ ಮೂಲೆಯಲ್ಲಿ ತೋಡು ಹರಿಯುತ್ತಿತ್ತು. ನಿರ್ಣಯ ಬದಲಿಸಲು ಎರಡು ಸಭೆ ಬೇಕಾದವು, ಕೆಲವರು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಸುದ್ದಿ ಬಂದ ರಾತ್ರಿ ನನಗೆ ಆ ಮೂಲೆಯೇ ಕಣ್ಣಮುಂದೆ ಬಂತು.

ಅದಕ್ಕೇ ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಮಳೆ ತಿಂಗಳಲ್ಲಿ, ಹೋಗಿ ಅನ್ನುವುದು. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಮರಗಳ ಬುಡ ಬಾಗಿ ತುದಿ ನೇರವಾಗಿದ್ದರೆ ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ನೆಲದಲ್ಲಿ ಅರ್ಧಚಂದ್ರದಂತೆ ಬಿರುಕಿದ್ದರೆ ಅಲ್ಲಿಂದ ವಾಪಸ್ ಬನ್ನಿ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡುತ್ತೇವೆ ಎಂದರೆ ಹಿಂದಿನ ಬರೆಗೆ ತಡೆಗೋಡೆ ಯಾರು ಕಟ್ಟುತ್ತಾರೆ, ಯಾವ ಹಣದಲ್ಲಿ ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಫೋಟೋ ತೆಗೆದು ದಿನಾಂಕದ ಸಮೇತ ಅರ್ಜಿಗೆ ಲಗತ್ತಿಸಿ, ಸ್ವೀಕೃತಿ ಪಡೆಯದೆ ಬರಬೇಡಿ.

ಒಂದು ಎಕರೆಗೆ ಎಷ್ಟು ಸೈಟು? 30x40 ಅಂದರೆ 1,200 ಚದರ ಅಡಿ, ನಮ್ಮ ಲೆಕ್ಕದಲ್ಲಿ ಎರಡೂ ಮುಕ್ಕಾಲು ಸೆಂಟು. ಕಾಗದದ ಮೇಲೆ ಎಕರೆಗೆ 36 ಬರುತ್ತದೆ. ರಸ್ತೆ, ಚರಂಡಿ, ನೀರಿನ ಟ್ಯಾಂಕಿಗೆ ಬಿಟ್ಟರೆ 36 ಕೂರುವುದಿಲ್ಲ, ಗುಡ್ಡದಲ್ಲಿ ಇನ್ನೂ ಕಡಿಮೆ. ಯಾರಾದರೂ ಎಕರೆಗೆ 36 ಜನರ ಹೆಸರು ಓದಿದರೆ ನಕ್ಷೆ ತೋರಿಸಿ ಎನ್ನಿ.

ದೂರವೂ ಮುಖ್ಯ. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿ ಕುಟುಂಬಗಳಿಗೆ ಆಮೇಲೆ ಮನೆ ಸಿಕ್ಕಿದ್ದು ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ. ದಿಡ್ಡಳ್ಳಿಯಿಂದ ಅದು ಹತ್ತಿರದ ದಾರಿಯಲ್ಲ. ತೋಟದ ಕೆಲಸಕ್ಕೆ ಬೆಳಿಗ್ಗೆ ಎಂಟಕ್ಕೆ ಮುಟ್ಟಬೇಕಾದವರು ಜೀಪಿಗೆ ಎಷ್ಟು ಕೊಡಬೇಕು, ಮಕ್ಕಳು ಆನೆ ಓಡಾಡುವ ದಾರಿಯಲ್ಲಿ ಶಾಲೆಗೆ ನಡೆಯಬೇಕೇ ಎಂಬುದನ್ನು ಹೆಂಗಸರೇ ಎದ್ದು ನಿಂತು ಕೇಳಬೇಕು. ನಾನಿದ್ದ ಸಭೆಗಳಲ್ಲಿ ಅವರು ಕೇಳದಿದ್ದಾಗ ಬೇರೆ ಯಾರೂ ಕೇಳಲಿಲ್ಲ.

ಜಿಲ್ಲಾಧಿಕಾರಿ ಆದೇಶ ಆದಮೇಲೆ ಅದರ ಪ್ರತಿ ಪಡೆಯಿರಿ, ತಿಂಗಳು ಬಿಟ್ಟು ಪಹಣಿ ಮತ್ತೆ ತೆಗೆಸಿ, ಅದರಲ್ಲಿ ವಸತಿಗೆ ಕಾಯ್ದಿರಿಸಿದ್ದು ನಮೂದಾಗಿದೆಯೇ ನೋಡಿ. ಆಗಿದ್ದರೆ ಪಕ್ಕದ ತೋಟದ ಬೇಲಿ ಒಳಗೆ ಸರಿಯುವ ಮುಂಚೆ ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ.