ಗುಡ್ಡದ ಮೇಲಿಂದ ಕೆಂಪು ದೀಪ ಎಣಿಸಿದ್ದು

ಹೋದ ಡಿಸೆಂಬರಿನ ಒಂದೇ ಸಂಜೆ, ಸುಮಾರು 40 ನಿಮಿಷದಲ್ಲಿ, 60ರಷ್ಟು ಲೋ ಪ್ರೆಶರ್ ಸೋಡಿಯಂ ದೀಪಗಳನ್ನು (ಅಚ್ಚ ಹಳದಿ ಬೆಳಕಿನ ಹಳೇ ಬೀದಿ ದೀಪಗಳು, ಎಲ್‌ಇಡಿ ಬಂದು ಮರೆಯಾಗುತ್ತಿವೆ) ಗುರುತು ಹಾಕಿಕೊಂಡೆ. ಅದಕ್ಕೆ ಹಿಂದಿನ ಎರಡು ಚಳಿಗಾಲ ಬೀದಿ ಬೀದಿ ಅಲೆದು ಸಿಕ್ಕಿದ್ದು 20 ದಾಟಿರಲಿಲ್ಲ. ನಾನಿರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರಿನ ಒಂದು ಕಣಿವೆ ಊರಿನಲ್ಲಿ. "ಗುಡ್ಡದ ಮೇಲೆ ನಿಂತು ಬೀದಿ ದೀಪ ಎಣಿಸೋಕಾಗುತ್ತಾ?" ಎಂದು ಹಳೇ ದೀಪ ಹುಡುಕುವ ಇದೇ ಹುಚ್ಚಿನ ಗೆಳೆಯರೇ ತಲೆ ಆಡಿಸಿದ್ದರು. ಆಗುತ್ತೆ.

ಮೊದಲು ಸೋತಿದ್ದನ್ನು ಹೇಳುತ್ತೇನೆ. ಸ್ಥಳೀಯ ಆಡಳಿತದ ದೀಪಗಳ ಪಟ್ಟಿ ನಂಬಿಕೊಂಡು ಹೊರಟೆ. ಅದರಲ್ಲಿ ಲೋ ಪ್ರೆಶರ್ ದೀಪಕ್ಕೂ, ಹೈ ಪ್ರೆಶರ್ ಎಂಬ ಇನ್ನೊಂದು ಬಗೆಯ ಸೋಡಿಯಂ ದೀಪಕ್ಕೂ ಬರೀ "ಸೋಡಿಯಂ" ಎಂದಿತ್ತು. ನಾನು ತಲುಪುವಷ್ಟರಲ್ಲಿ ಅರ್ಧ ಕಂಬಗಳಿಗೆ ಎಲ್‌ಇಡಿ ಬಂದಾಗಿತ್ತು. ಫೋನಿನ ಫೋಟೋಗಳಂತೂ ಎಲ್ಲಾ ವ್ಯರ್ಥ. ಬಣ್ಣವನ್ನು ತಾನೇ ಸರಿಮಾಡುವ ಆಟೋ ವೈಟ್ ಬ್ಯಾಲೆನ್ಸ್ ಆ ಹಳದಿಯನ್ನೇ ಒರೆಸಿ ಹಾಕುತ್ತದೆ. 60 ಪೌಂಡ್ ಕೊಟ್ಟು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಕೈ ಸ್ಪೆಕ್ಟ್ರೋಸ್ಕೋಪ್ ತಂದೆ, ಚಳಿಗೆ ಮರಗಟ್ಟಿದ ಕೈಯಲ್ಲಿ ಹಿಡಿಯುವುದೇ ಕಷ್ಟ. ಕೊನೆಗೆ ಕೆಲಸಕ್ಕೆ ಬಂದಿದ್ದು ಅದೇ ಕೆಲಸ ಮಾಡುವ, ಸಣ್ಣ ಗೆರೆಗಳಿರುವ 5 ಪೌಂಡಿನ ಗ್ರೇಟಿಂಗ್ ಹಾಳೆ. ಅದನ್ನು ಲೆನ್ಸಿಗೆ ಅಡ್ಡ ಹಿಡಿದರೆ ಲೋ ಪ್ರೆಶರ್ ದೀಪದ ಪಕ್ಕದಲ್ಲಿ ಅದೇ ದೀಪದ ಚೂಪಾದ ಹಳದಿ ಅಚ್ಚು ಬರುತ್ತದೆ, ಯು ಆಕಾರದ ಕೊಳವೆ ಸಮೇತ. ಹೈ ಪ್ರೆಶರ್ ಆದರೆ ಬಣ್ಣಗಳೆಲ್ಲ ಹರಡಿಕೊಳ್ಳುತ್ತವೆ. ಆದರೆ ಒಂದೊಂದೇ ಕಂಬಕ್ಕೆ ಹೀಗೆ ಮಾಡುತ್ತಾ ಹೋದರೆ ಊರು ಮುಗಿಯುವುದು ಯಾವಾಗ?

ದಾರಿ ಹೊಳೆದಿದ್ದು ಒಂದು ಸಂಜೆ ಬಸ್ಸಿಗೆ ಕಾಯುವಾಗ. ಎದುರಿನ ಕಂಬ ಆಗಷ್ಟೇ ಹೊತ್ತಿಕೊಂಡು ಕೆಂಡದ ಹಾಗೆ ಕೆಂಪಗಿತ್ತು. ಲೋ ಪ್ರೆಶರ್ ದೀಪದಲ್ಲಿ ಸೋಡಿಯಂ ಬಿಸಿಯಾಗಿ ಆವಿಯಾಗುವ ತನಕ ಬೆಳಗುವುದು ಒಳಗಿನ ನಿಯಾನ್ ಅನಿಲ, ಅದರ ಬೆಳಕು ಕೆಂಪು. ಹೈ ಪ್ರೆಶರ್ ಸಾಮಾನ್ಯವಾಗಿ ಹೀಗೆ ಕೆಂಪಾಗುವುದಿಲ್ಲ, ಎಲ್‌ಇಡಿಯೂ ಇಲ್ಲ. ಹಾಗಾದರೆ ದೀಪ ಹತ್ತುವ ಹೊತ್ತಿಗೆ ಮೇಲಿಂದ ನೋಡಿದರೆ ಸಾಕಲ್ವಾ?

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಮೂರೂವರೆಗೇ ಗುಡ್ಡ ಹತ್ತಿ ಟ್ರೈಪಾಡ್ ಊರಿದೆ. ಕ್ಯಾಮೆರಾ ಬಣ್ಣ ಬದಲಿಸದಂತೆ ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಲಾಕ್, ಐದು ಸೆಕೆಂಡಿಗೊಂದು ಫ್ರೇಮ್. ಕತ್ತಲಾದಾಗ ದೀಪ ಹೊತ್ತಿಸುವ ಫೋಟೋಸೆಲ್ ಒಂದೊಂದು ಕಂಬದಲ್ಲಿ ಒಂದೊಂದು ಹೊತ್ತಿಗೆ ಎಚ್ಚರಗೊಳ್ಳುತ್ತದೆ, ಅದೇ ನನಗೆ ಅನುಕೂಲವಾಯಿತು. ಸಾಲುಮನೆಗಳ ನಡುವೆ ಒಂದು ಕೆಂಪು ಚುಕ್ಕಿ, ಆಮೇಲೆ ಇನ್ನೊಂದು. ಹತ್ತು ನಿಮಿಷದಲ್ಲಿ ಮೊದಲನೆಯದು ಹಳದಿಗೆ ತಿರುಗುವಾಗ ಮೂಲೆಯಲ್ಲಿ ಮತ್ತೆ ನಾಲ್ಕು. ಕೈ ನಡುಗಿದ್ದು ಚಳಿಗೆ ಮಾತ್ರ ಅಲ್ಲ.

ಫ್ರೇಮುಗಳನ್ನು ನಕ್ಷೆಯ ಮೇಲೆ ಕೂರಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಮುಂದಿನ ವಾರ ಗ್ರೇಟಿಂಗ್ ಹಿಡಿದು ಒಂದೊಂದಕ್ಕೂ ಹೋಗಿ ನೋಡಿದೆ. 50ಕ್ಕೂ ಜಾಸ್ತಿ ಸರಿ ಇದ್ದವು. ತಪ್ಪಿದ್ದರಲ್ಲಿ ಎರಡು ಅಂಗಡಿ ಬೋರ್ಡು, ಒಂದು ಟ್ರಾಫಿಕ್ ಸಿಗ್ನಲ್. ಹೆಚ್ಚಿನವು 35 ವಾಟಿನವು, ಥಾರ್ನ್ ಬೀಟಾ 5 ಮತ್ತು ಫಿಲಿಪ್ಸ್ ಎಂಐ26 ಎಂಬ ಮಾದರಿಗಳು.

ಕಂಬದ ಕೆಳಗೆ ಒಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಸ್ಟೀಲ್ ತಟ್ಟೆಯಲ್ಲಿ ಅರಿಶಿನ, ಕುಂಕುಮ, ರಂಗೋಲಿ ಪುಡಿ ಒಂದೊಂದು ಚಿಟಿಕೆ. ಅರಿಶಿನಕ್ಕೂ ರಂಗೋಲಿ ಪುಡಿಗೂ ವ್ಯತ್ಯಾಸವೇ ಕಾಣಲಿಲ್ಲ. ಕುಂಕುಮ ಇದ್ದಿಲಿನಂತೆ ಕಪ್ಪು. ಈಗ ಪ್ರತಿ ಕಂಬಕ್ಕೂ ಆ ತಟ್ಟೆಯ ಫೋಟೋ ತೆಗೆಯುತ್ತೇನೆ. ಯಾವ ಕಲರ್ ಚಾರ್ಟಿಗಿಂತಲೂ ಚೆನ್ನಾಗಿ ದೀಪದ ಗುಣ ಹೇಳುತ್ತದೆ. ಏನು ಮಾಡುತ್ತಿದ್ದೀರಿ ಎಂದು ಮನೆಯಿಂದ ಹೊರಬಂದ ಅಜ್ಜಿಯೊಬ್ಬರಿಗೂ ತೋರಿಸಿದೆ. ಮೊದಲಿದ್ದ ಅನುಮಾನ ಹೋಗಿ, ಅವರೇ ಹಿಂದಿನ ಗಲ್ಲಿಯಲ್ಲಿ ಇನ್ನೊಂದು ದೀಪ ಇದೆ ಎಂದರು. ಗುಡ್ಡದಿಂದ ಅದು ಚಿಮಣಿಯ ಮರೆಯಲ್ಲಿತ್ತು.

ಒಟ್ಟು ಖರ್ಚು 300 ಪೌಂಡ್ ಆಸುಪಾಸು. ಅದರಲ್ಲಿ 25 ಪೌಂಡಿನ ಒಂದು ಹಳೇ ಲ್ಯಾಂಪ್ ಪಾರ್ಸೆಲಿನಲ್ಲೇ ಒಡೆದು ಬಂತು. ತುಂಬಾ ಸಂಕಟವಾಯಿತು. 2019ರಲ್ಲಿ ಫಿಲಿಪ್ಸ್ ಈ ಲ್ಯಾಂಪುಗಳ ತಯಾರಿಕೆ ನಿಲ್ಲಿಸಿದ ಮೇಲೆ, ಒಂದು ಹೋದರೆ ಹೋಯಿತು ಅಷ್ಟೇ. ಕಂಬಗಳ ಗತಿಯೂ ಅದೇ. ಮಾರ್ಚಿನಲ್ಲಿ ಮತ್ತೆ ಹತ್ತಿ ನೋಡಿದಾಗ ಕೆಂಪು ಚುಕ್ಕಿ 40ಕ್ಕೆ ಇಳಿದಿತ್ತು. ಅಜ್ಜಿ ತೋರಿಸಿದ ಗಲ್ಲಿಯದು ಇನ್ನೂ ಇದೆ. ನವೆಂಬರಿಗೆ ಪಕ್ಕದ ಕಣಿವೆ ಹಿಡಿಯುತ್ತೇನೆ.