ಒಂದು ನಿಮಿಷ ಕಾಯುವ ಪರೀಕ್ಷೆ: ಕಾಫಿ ತೋಟದ ಹೆಂಗಸರಿಗೆ ಎಚ್‌ಪಿವಿ ಬಗ್ಗೆ ಹೇಳಲು ಕಲಿತ ನನ್ನ ಅನುಭವ

ಸಕಲೇಶಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಸ್ಟಾಫ್ ನರ್ಸ್. ನಮ್ಮಲ್ಲಿಗೆ ಬರುವ ಹೆಂಗಸರಲ್ಲಿ ಹೆಚ್ಚಿನವರು ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಪ್ರತಿ ಗುರುವಾರ ಮಧ್ಯಾಹ್ನ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡುತ್ತೇನೆ. ಶುರುವಿನಲ್ಲಿ ಪರೀಕ್ಷೆ ಮಾಡುವುದೇ ಕಷ್ಟ ಅಂದುಕೊಂಡಿದ್ದೆ. ತರಬೇತಿ ಪಡೆದು ನಾಲ್ಕಾರು ಜನರನ್ನು ನೋಡಿದ ಮೇಲೆ ಅದು ಕೈಗೆ ಹತ್ತಿತು. ಬೇಗ ಹತ್ತದೇ ಇದ್ದದ್ದು ಮಾತು. ಎಚ್‌ಪಿವಿ ಅನ್ನುವ ವೈರಸ್ ಬಗ್ಗೆ ಒಬ್ಬ ಹೆಂಗಸಿಗೆ ಹೇಗೆ ಹೇಳಬೇಕು ಅನ್ನುವುದು ಗೊತ್ತಾಗಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು.

ಮೊದಲ ಸಲ ಒಂದು ಎಸ್ಟೇಟಿನ ಲೈನ್ ಮನೆಗಳ ಮುಂದೆ, ಕೆಲಸ ಬಿಟ್ಟ ಮೇಲೆ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದೆ. ತರಬೇತಿಯಲ್ಲಿ ಕೇಳಿದ್ದನ್ನು ಹಾಗೇ ಒಪ್ಪಿಸಿದೆ. "ಇದು ಗಂಡು ಹೆಣ್ಣಿನ ಸಂಪರ್ಕದಿಂದ ಹರಡುವ ವೈರಸ್. ಇದರಿಂದ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರುತ್ತದೆ" ಅಂದೆ. ಯಾರೂ ಮಾತಾಡಲಿಲ್ಲ. ಮುಂದೆ ಕೂತಿದ್ದ ಒಬ್ಬರು ಸೆರಗು ಕೊಡವಿಕೊಂಡು ಎದ್ದರು. "ನಮ್ಮನೆಯವ್ರು ಅಂಥವ್ರಲ್ಲ ಸಿಸ್ಟ್ರೇ" ಅಂತ ಹೇಳಿ ಹೋದರು. ಆ ಗುರುವಾರ ಪರೀಕ್ಷೆಗೆ ಒಬ್ಬರೂ ಬರಲಿಲ್ಲ.

ಹತ್ತು ದಿನ ಆದ ಮೇಲೆ ನಮ್ಮ ಆಶಾ ಅಕ್ಕ ಇನ್ನೊಂದು ವಿಷಯ ಹೇಳಿದರು. ಬಿಳಿ ಹೋಗುತ್ತದೆ ಅಂತ ನನ್ನ ಹತ್ತಿರ ಮಾತ್ರೆ ತೆಗೆದುಕೊಂಡಿದ್ದ ಒಬ್ಬಾಕೆಯ ಮೇಲೆ ಗಂಡ ಅನುಮಾನ ಪಟ್ಟು ಜಗಳ ತೆಗೆದಿದ್ದನಂತೆ. ಆಕೆಗೆ ಎಚ್‌ಪಿವಿ ಇದೆ ಅಂತ ಯಾರೂ ಹೇಳಿರಲಿಲ್ಲ, ಆ ಪರೀಕ್ಷೆಯೇ ಆಗಿರಲಿಲ್ಲ. ನನ್ನ ಮಾತು ಬಾಯಿಂದ ಬಾಯಿಗೆ ಹೋಗಿ ಆಕೆಯ ಮನೆ ಸೇರಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಅರ್ಧ ಮಾತ್ರ ಹೇಳಿ ಬಂದಿದ್ದೆ.

ಉಳಿದರ್ಧ ಇದು. ಎಚ್‌ಪಿವಿ ತೀರಾ ಸಾಮಾನ್ಯವಾದ ವೈರಸ್. ಮದುವೆಯಾಗಿ ಸಂಸಾರ ಮಾಡುವ ಗಂಡಸರು, ಹೆಂಗಸರಲ್ಲಿ ಹೆಚ್ಚಿನವರಿಗೆ ಬದುಕಿನಲ್ಲಿ ಯಾವಾಗಲಾದರೂ ಒಂದು ಸಲ ಇದು ತಗಲಿ ಹೋಗಿರುತ್ತದೆ. ಒಬ್ಬರೇ ಸಂಗಾತಿ ಇದ್ದವರಿಗೂ ಬರಬಹುದು. ತಗಲಿದಾಗ ಜ್ವರ ಇಲ್ಲ, ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ಇದ್ದುಬಿಡಬಹುದು. ಹಾಗಾಗಿ ಯಾರಿಂದ ಬಂತು, ಯಾವಾಗ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು. 10ರಲ್ಲಿ 9 ಜನರಿಗೆ ಎರಡು ವರ್ಷದೊಳಗೆ ಮೈಯ ಶಕ್ತಿಯೇ ಅದನ್ನು ಓಡಿಸುತ್ತದೆ. ಇದರಲ್ಲಿ ನಡತೆಯ ಮಾತು ಎಲ್ಲಿ ಬಂತು?

ಈಗ ನಾನು ಮಾತು ಶುರು ಮಾಡುವುದೇ ಇಲ್ಲಿಂದ. ಗಂಡಸರು ಇದ್ದರೆ ಅವರನ್ನೂ ಕೂರಿಸಿಕೊಳ್ಳುತ್ತೇನೆ. ಗಂಡಸರಿಗೂ ಈ ವೈರಸ್ ಬರುತ್ತದೆ, ಅವರಲ್ಲೂ ಗಂಟಲು, ಶಿಶ್ನ, ಗುದದ್ವಾರದ ಕೆಲವು ಕ್ಯಾನ್ಸರ್‌ಗಳಿಗೆ ಇದು ಕಾರಣ ಅಂತ ಹೇಳಿದರೆ ಅವರೂ ನೆಟ್ಟಗೆ ಕೂತು ಕೇಳುತ್ತಾರೆ.

ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಬಗೆ ಇವೆ. ಕೆಲವು ಕೈಕಾಲಿಗೆ ನರಹುಲಿ ಎಬ್ಬಿಸಿ ಸುಮ್ಮನಾಗುತ್ತವೆ. 6 ಮತ್ತು 11 ಅನ್ನುವವು ಜನನಾಂಗದ ಹತ್ತಿರ ನರಹುಲಿ ಮಾಡುತ್ತವೆ, ಕ್ಯಾನ್ಸರ್ ಮಾಡುವುದಿಲ್ಲ. ಅಪಾಯದವು ಸುಮಾರು 14. ಅವುಗಳಲ್ಲೂ 16 ಮತ್ತು 18 ಅನ್ನುವ ಎರಡೇ ಬಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ತೋಟದ ಹೆಂಗಸರಿಗೆ ಈ ಹೆಸರೆಲ್ಲ ಹೇಳುವುದಿಲ್ಲ. ಆದರೆ ಶಾಲೆಗೆ ಹೋಗುವ ಹುಡುಗಿಯರಿಗೆ ಹೇಳುತ್ತೇನೆ, ಅವರಿಗೆ ಇಷ್ಟವಾಗುತ್ತದೆ.

ಹೆಂಗಸರಿಗೆ ಅರ್ಥವಾಗುವ ಹಾಗೆ ಹೇಳಿದವರು ನಾನಲ್ಲ, ಅವರಲ್ಲೇ ಒಬ್ಬರು. ವೈರಸ್ ಹೋಗದೆ ಒಳಗೇ ಉಳಿದರೆ ಗರ್ಭಕೋಶದ ಬಾಯಿಯ ಕೋಶಗಳು ನಿಧಾನವಾಗಿ ಕೆಡುತ್ತವೆ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೂ ಹೊರಗೆ ಏನೂ ಕಾಣದೇ ಇರಬಹುದು ಅಂತ ಹೇಳುತ್ತಿದ್ದೆ. ಐವತ್ತರ ಹತ್ತಿರದ ಒಬ್ಬರು, "ಅರೇಬಿಕಾಕ್ಕೆ ಬೋರರ್ ಬಿದ್ದಂಗೆ ಅಲ್ವಾ?" ಅಂದರು. ನಾನು ತೋಟದ ಕೆಲಸ ಮಾಡಿದವಳಲ್ಲ, ಅವರೇ ಬಿಡಿಸಿ ಹೇಳಿದರು. "ಗಿಡ ಹಸಿರಾಗೇ ಇರತ್ತೆ ಸಿಸ್ಟ್ರೇ. ಹುಳ ಕಾಂಡದೊಳಗೆ ಕೊರೀತಾ ಇರತ್ತೆ. ನಾವು ಒಂದೊಂದೇ ಗಿಡ ಬಗ್ಗಿ ನೋಡ್ಕೊಂಡು ಹೋಗ್ತೀವಿ. ತೊಗಟೆ ಮೇಲೆ ಗೆರೆ ಎದ್ದಿದ್ರೆ ಬೋರರ್ ಅಂತ ಲೆಕ್ಕ. ಎಲೆ ಹಳದಿ ಆಗೋ ತಂಕ ಕಾದ್ರೆ ಗಿಡ ಹೋಯ್ತು."

ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನವಳು ತಕ್ಷಣ ಕೇಳಿದಳು. "ಬೋರರ್ ಬಿದ್ದ ಗಿಡಾನ ಕಿತ್ತು ಸುಡ್ತಾರೆ. ನಮ್ ಗರ್ಭಚೀಲಾನೂ ತೆಗೆದುಬಿಡ್ತೀರಾ?"

ಅಷ್ಟು ದಿನ ಎಲ್ಲರ ಮನಸ್ಸಿನಲ್ಲಿ ಇದ್ದ ಪ್ರಶ್ನೆ ಅದೇ ಅಂತ ಆಗ ಗೊತ್ತಾಯಿತು. ಪರೀಕ್ಷೆಗೆ ಹೋದರೆ ಗರ್ಭಚೀಲ ತೆಗೆಸಲು ಹೇಳುತ್ತಾರೆ, ಆಮೇಲೆ ಬೆಟ್ಟ ಹತ್ತಿ ಕೆಲಸ ಮಾಡಲು ಆಗುವುದಿಲ್ಲ ಅನ್ನುವ ಹೆದರಿಕೆ. ನಾನು ಹೇಳಿದೆ: "ಇಲ್ಲ ಕಣಮ್ಮ. ಬೇಗ ಸಿಕ್ಕಿದರೆ ಗಿಡ ಕೀಳೋ ಹಾಗಿಲ್ಲ. ಕೆಟ್ಟ ಜಾಗಕ್ಕೆ ಮಾತ್ರ ಶಾಖ ಕೊಟ್ಟು, ಇಲ್ಲ ತಣ್ಣನೆಯ ಗ್ಯಾಸ್ ಹಿಡಿದು, ಅಷ್ಟನ್ನೇ ಹೋಗಿಸ್ತಾರೆ. ಅವತ್ತೇ ಮನೆಗೆ ಬರಬಹುದು." ಆ ಸಂಜೆ ಏಳು ಜನ ಹೆಸರು ಬರೆಸಿದರು.

ಇನ್ನು ಪರೀಕ್ಷೆ. ನಾವು ಮಾಡುವುದು ವಿಐಎ, ಅಂದರೆ ಗರ್ಭಕೋಶದ ಬಾಯಿಗೆ ಆಸಿಡ್ ದ್ರಾವಣ ಹಚ್ಚಿ ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ. ನಮ್ಮ ದೇಶದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ ಇದೆ. 30ಕ್ಕೆ ಮುಂಚೆ ಯಾಕೆ ಬೇಡ ಅಂತ ಕೇಳುತ್ತಾರೆ. ಆ ವಯಸ್ಸಿನಲ್ಲಿ ವೈರಸ್ ಬರುವುದೂ ಜಾಸ್ತಿ, ತಾನಾಗೇ ಹೋಗುವುದೂ ಜಾಸ್ತಿ. ಸುಮ್ನೆ ಹೆದರಿಸಿದ ಹಾಗಾಗುತ್ತದೆ.

ಬೆಳಿಗ್ಗೆಯೇ ದ್ರಾವಣ ತಯಾರು ಮಾಡಿಕೊಳ್ಳುತ್ತೇನೆ. 95 ಎಂಎಲ್ ಡಿಸ್ಟಿಲ್ಡ್ ನೀರಿಗೆ 5 ಎಂಎಲ್ ಗ್ಲೇಷಿಯಲ್ ಅಸಿಟಿಕ್ ಆಸಿಡ್. ಅಂದಂದಿಗೆ ಹೊಸದು. ವಾಸನೆ ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನದ್ದೇ. ಆ ಸೀಸೆಯನ್ನು ಮೊದಲು ಅವರ ಮೂಗಿನ ಹತ್ತಿರ ಹಿಡಿಯುತ್ತೇನೆ, ಎಂಥದ್ದೋ ಔಷಧಿ ಅನ್ನುವ ಭಯ ಅರ್ಧ ಹೋಗುತ್ತದೆ. ಜುಲೈನಲ್ಲಿ ನಮ್ಮ ಕಡೆ ಸ್ಪೆಕ್ಯುಲಮ್, ಅಂದರೆ ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ, ಮಂಜುಗಡ್ಡೆ ಥರ ಇರುತ್ತದೆ. ಅದನ್ನು ಕುದಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಅದ್ದಿ, ಕೈ ಹಿಂಭಾಗಕ್ಕೆ ಮುಟ್ಟಿಸಿ ನೋಡಿಕೊಂಡು ಆಮೇಲೇ ಬಳಸುತ್ತೇನೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಪರೀಕ್ಷೆ ಮಾಡಿಸಿಕೊಂಡಾಗ ಕಲಿತದ್ದು. ಬೇರೆಯವರನ್ನು ಕರೆಯುವ ಮೊದಲು ನಾನು ಮಲಗಬೇಕು ಅಂತ 34ನೇ ವಯಸ್ಸಿನಲ್ಲಿ ಸಹೋದ್ಯೋಗಿಯ ಹತ್ತಿರ ಮಾಡಿಸಿಕೊಂಡೆ. ನೋವಿರಲಿಲ್ಲ, ತಣ್ಣನೆಯ ಕಬ್ಬಿಣಕ್ಕೆ ಮೈ ಬಿಗಿಯಾಗಿತ್ತು. ಮೈ ಬಿಗಿ ಹಿಡಿದರೆ ಆಮೇಲೆ ಎಲ್ಲವೂ ನೋವೇ.

ಹತ್ತಿಯ ಉಂಡೆಯಲ್ಲಿ ದ್ರಾವಣ ಹಚ್ಚಿ, ಗೋಡೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯಬೇಕು. ಕೆಟ್ಟಿರುವ ಕೋಶಗಳಲ್ಲಿ ಪ್ರೋಟೀನ್ ಜಾಸ್ತಿ ಇರುತ್ತದೆ. ಆಸಿಡ್ ತಾಗಿದರೆ ಅದು ಹೆಪ್ಪುಗಟ್ಟಿದ ಹಾಗಾಗಿ ಬೆಳ್ಳಗೆ ಕಾಣುತ್ತದೆ. ಚೆನ್ನಾಗಿರುವ ಜಾಗ ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ. ಈ ಒಂದು ನಿಮಿಷ ಮಲಗಿದವರಿಗೆ ಬಹಳ ಉದ್ದ. ಮಕ್ಕಳು ಏನು ಓದುತ್ತಿದ್ದಾರೆ, ಈ ವರ್ಷ ಹಣ್ಣು ಹೇಗಿದೆ ಅಂತ ಮಾತಾಡಿಸುತ್ತೇನೆ.

ಬೆಳ್ಳಗೆ ಕಂಡರೆ ಕ್ಯಾನ್ಸರ್ ಅಂತಲ್ಲ. ಸೋಂಕಿನಿಂದಲೂ ಹಾಗೆ ಕಾಣಬಹುದು. ಈ ಮಾತನ್ನು ಪರೀಕ್ಷೆಗೆ ಮುಂಚೆಯೇ ಹೇಳಿರಬೇಕು. ಬಿಳಿ ಕಂಡ ಮೇಲೆ ಹೇಳಿದರೆ ಯಾರ ಕಿವಿಗೂ ಹೋಗುವುದಿಲ್ಲ.

ಆ ಏಳು ಜನರಲ್ಲಿ ಒಬ್ಬಾಕೆಗೆ ಬಿಳಿ ಕಂಡಿತು. ವಯಸ್ಸು 41, ಮೂರು ಮಕ್ಕಳು, ಯಾವ ತೊಂದರೆಯೂ ಇರಲಿಲ್ಲ. ಗರ್ಭಕೋಶದ ಬಾಯಿಯ ಮೇಲಿನ ಅಂಚಿನಲ್ಲಿ, ಗಡಿಯಾರದ ಹನ್ನೊಂದರಿಂದ ಒಂದು ಗಂಟೆಯ ಜಾಗದವರೆಗೆ, ಸುಣ್ಣ ಬಳಿದ ಹಾಗೆ ದಪ್ಪ ಬಿಳಿ. ಹಾಸನಕ್ಕೆ ಹೋಗಿ ಕಾಲ್ಪೊಸ್ಕೋಪಿ (ಆ ಜಾಗವನ್ನು ಉಪಕರಣದಲ್ಲಿ ದೊಡ್ಡದಾಗಿ ನೋಡುವ ಪರೀಕ್ಷೆ) ಮಾಡಿಸಿ ಅಂತ ಚೀಟಿ ಬರೆದೆ. ಅದು ಜನವರಿ, ಕಾಫಿ ಕುಯ್ಲಿನ ಸಮಯ. ಕುಯ್ದಷ್ಟು ಕೆಜಿಗೆ ದುಡ್ಡು. "ಕುಯ್ಲು ಮುಗೀಲಿ ಸಿಸ್ಟ್ರೇ" ಅಂದಳು. ನಾನು ಒತ್ತಾಯ ಮಾಡಿ ಜಗಳ ಆಡಲಿಲ್ಲ. ಹಲವು ವರ್ಷ ಹಿಡಿಯುವ ಕಾಯಿಲೆಯಲ್ಲಿ ನಾಲ್ಕು ವಾರದಿಂದ ಮುಳುಗಿಹೋಗುವುದಿಲ್ಲ, ಆದರೆ ನಾಲ್ಕು ವಾರ ನಾಲ್ಕು ವರ್ಷ ಆಗುವುದು ನಮ್ಮಲ್ಲಿ ಮಾಮೂಲು. ದಿನಾಂಕ ಬರೆದುಕೊಂಡೆ. ಫೆಬ್ರವರಿ ಕೊನೆಗೆ ಆಶಾ ಅಕ್ಕನೇ ಬಸ್ಸಿಗೆ ಹತ್ತಿಸಿಕೊಂಡು ಹೋದರು.

ಆ ಜಾಗದ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಹಂತ ಅಂತ ಬಂತು. ಥರ್ಮಲ್ ಅಬ್ಲೇಶನ್ ಮಾಡಿದರು. ಸುಮಾರು 100 ಡಿಗ್ರಿ ಬಿಸಿಯಾದ ಪುಟ್ಟ ತುದಿಯನ್ನು ಆ ಜಾಗಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಾರೆ, ಅಷ್ಟೇ. ಕೆಲವು ವಾರ ನೀರು ನೀರಾಗಿ ಹೋಗಬಹುದು, ಒಂದು ತಿಂಗಳು ಗಂಡನಿಂದ ದೂರ ಇರಬೇಕು ಅಂತ ಹೇಳಿ ಕಳಿಸಿದ್ದರು. ಅದನ್ನು ಗಂಡನಿಗೆ ಹೇಳಲು ಆಕೆಗೆ ನಾಚಿಕೆ. ನಾನೇ ಮನೆಗೆ ಹೋಗಿ ಇಬ್ಬರನ್ನೂ ಕೂರಿಸಿ ಹೇಳಿದೆ. ಆತ ತಲೆ ಬಗ್ಗಿಸಿಕೊಂಡು ಕೇಳಿದ. "ಯಾರಿಂದ" ಅಂತ ಕೇಳಲಿಲ್ಲ. "ವಾಸಿ ಆಗತ್ತಾ ಮೇಡಂ" ಅಂತ ಮಾತ್ರ ಕೇಳಿದ.

ಎಲ್ಲ ಕಥೆಯೂ ಹೀಗೆ ಆಗುವುದಿಲ್ಲ. ಮುಟ್ಟು ನಿಂತು ಎಂಟು ವರ್ಷ ಆಗಿದ್ದ ಒಬ್ಬ ಅಮ್ಮನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಮುಟ್ಟು ವಾಪಸ್ಸು ಬಂತು ಅಂದುಕೊಂಡು ಐದು ತಿಂಗಳು ಯಾರಿಗೂ ಹೇಳಿರಲಿಲ್ಲ. ನನ್ನ ಹತ್ತಿರ ಬಂದಾಗ ವಿಐಎ ಬೇಕಾಗಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಬೆಂಗಳೂರಿನಲ್ಲಿ ರೇಡಿಯೇಷನ್ ಆಯಿತು. ಒಂದೂವರೆ ವರ್ಷ ಬದುಕಿದರು. 2022ರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ 1,27,000ಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬಂದಿದೆ, ಸುಮಾರು 80,000 ಜನ ತೀರಿಕೊಂಡಿದ್ದಾರೆ. ಆ ಅಂಕಿ ಓದಿದಾಗಲೆಲ್ಲ ನನಗೆ ಅವರು ಹಿಡಿದುಕೊಂಡು ಬರುತ್ತಿದ್ದ ಬಟ್ಟೆಯ ಚೀಲ ನೆನಪಾಗುತ್ತದೆ. ಹಾಗಾಗಿ ಎಲ್ಲ ಕಡೆ ಹೇಳುತ್ತೇನೆ: ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ಬಿಳಿ ಹೋಗುವಾಗ ಕೆಟ್ಟ ವಾಸನೆ ಬಂದರೆ, ಗುರುವಾರಕ್ಕೂ ಕಾಯಬೇಡಿ. ಐವತ್ತು ದಾಟಿದವರಿಗೆ ನೋಡಬೇಕಾದ ಜಾಗ ಒಳಗೆ ಸರಿದಿರುವುದರಿಂದ ವಿಐಎ ಅಷ್ಟು ನಂಬಲು ಆಗುವುದಿಲ್ಲ. ಅವರಿಗೆ ಪ್ಯಾಪ್ ಸ್ಮಿಯರ್ (ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅಥವಾ ಎಚ್‌ಪಿವಿ ಪರೀಕ್ಷೆಯೇ ಒಳ್ಳೆಯದು. ಎಚ್‌ಐವಿ ಇರುವವರಲ್ಲಿ ಈ ಕಾಯಿಲೆ ಬೇಗ ಬೆಳೆಯುತ್ತದೆ, ಅವರು ಐದು ವರ್ಷ ಕಾಯುವಂತಿಲ್ಲ.

ಎಚ್‌ಪಿವಿ ತಡೆಯುವ ಲಸಿಕೆಯ ವಿಷಯಕ್ಕೆ ಬಂದರೆ, ನನ್ನ ಮಗಳಿಗೆ 12 ವರ್ಷ ಇದ್ದಾಗ, 2023ರಲ್ಲಿ ಹಾಕಿಸಿದೆ. ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಆಗ ತಾನೇ ಅಂಗಡಿಗೆ ಬಂದಿತ್ತು. ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ದುಡ್ಡು ಕೊಟ್ಟೇ ತಂದದ್ದು, ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತ ಆಗಿರಲಿಲ್ಲ. ಅತ್ತೆ ಕೇಳಿದರು, "ಇದನ್ನ ಹಾಕಿಸಿದ್ರೆ ಮುಂದೆ ಮಕ್ಕಳಾಗಲ್ವಂತಲ್ಲ?" ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ವೈರಸ್ಸಿನ ಹೊರಕವಚದ ಥರದ ಪ್ರೋಟೀನ್ ಮಾತ್ರ ಇದೆ, ಅದಕ್ಕೂ ಮಕ್ಕಳಾಗುವುದಕ್ಕೂ ಸಂಬಂಧವಿಲ್ಲ ಅಂತ ಹೇಳಿದೆ. "ಕಾಯಿ ಒಡೆದು ನೀರು, ತಿರುಳು ಎಲ್ಲ ತೆಗೆದು ಬರೀ ಚಿಪ್ಪು ತೋರಿಸಿದ ಹಾಗೆ ಅತ್ತೆ. ಮೈಗೆ ಗುರುತು ಸಿಗುತ್ತೆ, ಆದರೆ ಚಿಪ್ಪಿನಿಂದ ಗಿಡ ಹುಟ್ಟಲ್ಲ." ಅವರು ಒಪ್ಪಿಕೊಂಡರು. ಚುಚ್ಚಿದ ಮೇಲೆ 15 ನಿಮಿಷ ಕೂರಿಸಿಕೊಂಡಿದ್ದರು, ಈ ವಯಸ್ಸಿನ ಮಕ್ಕಳಿಗೆ ತಲೆ ಸುತ್ತುವುದುಂಟು. ಮಗಳಿಗೆ ಎರಡು ದಿನ ತೋಳು ನೋವಿತ್ತು, ಬೇರೆ ಏನೂ ಆಗಲಿಲ್ಲ.

9ರಿಂದ 14 ವರ್ಷದೊಳಗೆ, ವೈರಸ್ ತಗಲುವ ಮುಂಚೆ ಹಾಕಿಸಿದರೆ ಇದರ ಪ್ರಯೋಜನ ಹೆಚ್ಚು. ಆಗಲೇ ಬಂದಿರುವ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ. ಲಸಿಕೆ ಹಾಕಿಸಿಕೊಂಡವರೂ 30 ಆದ ಮೇಲೆ ಪರೀಕ್ಷೆಗೆ ಬರಬೇಕು, ಯಾಕೆಂದರೆ ಅದು ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ. ಗಂಡುಮಕ್ಕಳಿಗೂ ಹಾಕಿಸಬಹುದು. ನನ್ನ ಮಗನಿಗೆ ಈಗ 8. ಮುಂದಿನ ವರ್ಷ ಅವನಿಗೂ ಹಾಕಿಸುತ್ತೇನೆ.

ಶಾಖ ಕೊಡಿಸಿಕೊಂಡಿದ್ದ ಆ 41ರ ಹೆಂಗಸು ಒಂದು ವರ್ಷದ ಹೊತ್ತಿಗೆ ಮರುಪರೀಕ್ಷೆಗೆ ಬಂದಳು. ಮತ್ತೆ ಕುಯ್ಲಿನ ಸಮಯ, ಬೆರಳಿನ ಸಂದಿಯಲ್ಲಿ ಹಣ್ಣಿನ ಕರಿ ಅಂಟು ಹಾಗೇ ಇತ್ತು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. ದ್ರಾವಣ ಹಚ್ಚಿದೆ, ಗಡಿಯಾರ ನೋಡಿದೆ. ಆ ಸಲ ನನಗೇ ಮಾತಾಡಿಸಲು ಆಗಲಿಲ್ಲ. ಒಂದು ನಿಮಿಷ ಆಯಿತು. ಬಣ್ಣ ಬದಲಾಗಲಿಲ್ಲ. ಇನ್ನೂ ಅರ್ಧ ನಿಮಿಷ ಸುಮ್ನೆ ನೋಡುತ್ತಾ ನಿಂತೆ.

"ಏನಾಯ್ತು ಸಿಸ್ಟ್ರೇ?" ಅಂದಳು.

"ಏನೂ ಇಲ್ಲ. ಎದ್ದೇಳಿ" ಅಂದೆ.

ಸೀರೆ ಸರಿಮಾಡಿಕೊಂಡು ಹೊರಗೆ ಹೋದವಳು ಬಾಗಿಲ ಹತ್ತಿರ ನಿಂತು ಯಾರನ್ನೋ ಕೈ ಬೀಸಿ ಕರೆದಳು. ಜಗಲಿಯಲ್ಲಿ ಕೂತಿದ್ದ ಅವಳ ನಾದಿನಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಾನು ಸ್ಪೆಕ್ಯುಲಮ್ ಬೆಚ್ಚಗೆ ಮಾಡಲು ನೀರು ಇಟ್ಟೆ.